ಟ್ಯೂಬ್‌ಲೈಟಿನ ಕೆಳಗೆ ಅರಳಿದ ಆರ್ಕಿಡ್

ಶಿವಮೊಗ್ಗದ ವಿನೋಬನಗರದಲ್ಲಿ ನಾವಿರುವುದು ಮೊದಲ ಮಹಡಿಯ ಮನೆ. ಪೂರ್ವದ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡವಿದೆ, ಪಶ್ಚಿಮದ ಕಿಟಕಿ ತೆರೆಯುವುದು ಮೆಟ್ಟಿಲಿನ ಕಡೆಗೆ. ಬೇಸಿಗೆಯ ನಡುಹಗಲಿನಲ್ಲೂ ಹಜಾರದಲ್ಲಿ ಪತ್ರಿಕೆ ಓದಲು ದೀಪ ಹಾಕಬೇಕು. ಆಷಾಢದ ಜಡಿಮಳೆ ಹಿಡಿದರಂತೂ ಹಗಲು ಮತ್ತು ಸಂಜೆಗೆ ವ್ಯತ್ಯಾಸವೇ ತಿಳಿಯದು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದಾಗ ಹೂಬಿಟ್ಟಿದ್ದ ಎರಡು ಫಲನಾಪ್ಸಿಸ್ ಎಂಬ ಆರ್ಕಿಡ್ ಗಿಡಗಳನ್ನು ಕೊಂಡು ಈ ಮನೆಗೆ ತಂದೆ. ಇದ್ದ ಹೂಗಳು ಎರಡು ತಿಂಗಳು ನಿಂತು ಉದುರಿದವು. ಅದಾದ ಮೇಲೆ ಒಂದೂವರೆ ವರ್ಷ ಒಂದು ಮೊಗ್ಗೂ ಬರಲಿಲ್ಲ. ಹೊಸ ಎಲೆಗಳು ಮಾತ್ರ ಹಳೆಯವಕ್ಕಿಂತ ಉದ್ದವಾಗಿ, ತೆಳುವಾಗಿ, ಕಡುಹಸಿರಾಗಿ ಬಂದು ಜೋತುಬಿದ್ದವು. ಎಲೆ ಕಡುಹಸಿರಾಗಿದ್ದರೆ ಗಿಡ ಆರೋಗ್ಯವಾಗಿದೆ ಎಂದು ನಾನು ನಂಬಿಕೊಂಡಿದ್ದೆ. ಆರ್ಕಿಡ್‌ನ ಮಟ್ಟಿಗೆ ಅದು ಬೆಳಕಿನ ಹಸಿವಿನ ಲಕ್ಷಣ. ಬೆಳಕು ಸಾಕಷ್ಟು ಸಿಕ್ಕ ಎಲೆ ಎಳೆಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಅತಿಯಾದರೆ ಅಂಚಿನಲ್ಲಿ ಕೆಂಪಡರುತ್ತದೆ.

ಬೆಳಕನ್ನು ಕಣ್ಣಿನಿಂದ ಅಳೆಯಲು ಹೋಗಿದ್ದೇ ನನ್ನ ಮೊದಲ ತಪ್ಪು. ಕತ್ತಲಿಗೂ ಬಿಸಿಲಿಗೂ ಕಣ್ಣು ತಾನಾಗಿ ಹೊಂದಿಕೊಂಡುಬಿಡುವುದರಿಂದ ನಮಗೆ ಬೆಳಕಾಗಿ ಕಾಣುವ ಕೋಣೆ ಗಿಡದ ಪಾಲಿಗೆ ಕತ್ತಲೆಯೇ ಆಗಿರಬಹುದು. ಮೊಬೈಲಿನಲ್ಲಿ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ತೋರಿಸುವ ಉಚಿತ ಆ್ಯಪ್ ಹಾಕಿಕೊಂಡು ನೋಡಿದಾಗ, ಮಳೆಗಾಲದ ಮಧ್ಯಾಹ್ನ ಕಿಟಕಿಯ ಬುಡದಲ್ಲೇ 400 ಲಕ್ಸ್ ಇತ್ತು. ಕಡಿಮೆ ಬೆಳಕಿನ ಆರ್ಕಿಡ್ ಎಂದು ಹೆಸರಾದ ಫಲನಾಪ್ಸಿಸ್‌ಗೂ ಸುಮಾರು 10,000 ಲಕ್ಸ್ ಬೇಕು. ಮೊಬೈಲಿನ ಅಳತೆ ಪ್ರಯೋಗಾಲಯದ ಅಳತೆಯಷ್ಟು ನಿಖರವಲ್ಲ, ಆದರೆ ನಾನೂರಕ್ಕೂ ಹತ್ತು ಸಾವಿರಕ್ಕೂ ಇರುವ ಅಂತರವನ್ನು ತಿಳಿಯಲು ಅದು ಧಾರಾಳವಾಗಿ ಸಾಕು.

ಎಲ್ಲರಂತೆ ನಾನೂ ಮೊದಲು ಆನ್‌ಲೈನಿನಲ್ಲಿ ನೇರಳೆ ಬೆಳಕಿನ ಅಗ್ಗದ ದೀಪವೊಂದನ್ನು ತರಿಸಿದೆ. ಮೂರು ತಿಂಗಳಿಗೆ ಅದರ ಅರ್ಧ ಎಲ್‌ಇಡಿಗಳು ಆರಿದವು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಆ ನೇರಳೆಯಲ್ಲಿ ಎಲೆ ಹಳದಿಯಾದದ್ದಾಗಲಿ, ಅಡಿಯಲ್ಲಿ ಹಿಟ್ಟುತಿಗಣೆ ಕೂತದ್ದಾಗಲಿ ಕಾಣುತ್ತಲೇ ಇರಲಿಲ್ಲ. ಗಿಡಕ್ಕೆ ಕೆಂಪು ಮತ್ತು ನೀಲಿ ಬೆಳಕು ಹೆಚ್ಚು ಉಪಯುಕ್ತ ಎಂಬುದು ನಿಜ. ಆದರೆ ಮನೆಯ ಬಿಳಿ ಎಲ್‌ಇಡಿ ಟ್ಯೂಬ್ ಕೂಡ ನೀಲಿ ಬೆಳಕಿನ ಎಲ್‌ಇಡಿ ಚಿಪ್ ಮೇಲೆ ಫಾಸ್ಫರ್ ಎಂಬ ಹಳದಿ ಹೊಳಪಿನ ಪುಡಿ ಲೇಪಿಸಿದ ದೀಪವೇ. ಗಿಡಕ್ಕೆ ಬೇಕಾದ ಬಣ್ಣಗಳೆಲ್ಲ ಅದರ ಬೆಳಕಿನಲ್ಲಿ ಇದ್ದೇ ಇರುತ್ತವೆ. ಇದು ಮನಸ್ಸಿಗೆ ಹತ್ತಿದ ಮೇಲೆ ನಾನು ಬೆಲೆಬಾಳುವ ದೀಪದ ಆಸೆ ಬಿಟ್ಟು, ಎಲೆಕ್ಟ್ರಿಕಲ್ ಅಂಗಡಿಯಿಂದ ನಾಲ್ಕು ಅಡಿ ಉದ್ದದ, 20 ವ್ಯಾಟಿನ, ತಲಾ 2000 ಲ್ಯೂಮೆನ್‌ನ (ದೀಪ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ) ಎರಡು ಬಿಳಿ ಟ್ಯೂಬ್‌ಗಳನ್ನು ತಂದೆ. ಎರಡಕ್ಕೂ ಸೇರಿ ಐನೂರು ರೂಪಾಯಿ ಆಯಿತು.

ಹಳೆಯ ಕಬ್ಬಿಣದ ಪುಸ್ತಕದ ರ‍್ಯಾಕಿನ ಮೇಲಿನ ಹಲಗೆಯ ಅಡಿಗೆ ಆ ಟ್ಯೂಬ್‌ಗಳನ್ನು ನಾಲ್ಕು ಬೆರಳಿನಷ್ಟು ಅಂತರದಲ್ಲಿ ಕಟ್ಟಿ, ಗಿಡಗಳನ್ನು ಕೆಳಗಿನ ಹಲಗೆಯಲ್ಲಿಟ್ಟೆ. ಕಬ್ಬಿಣವೂ ನೀರೂ ಜೊತೆಗಿರುವ ಜಾಗವಾದ್ದರಿಂದ ಅರ್ಥಿಂಗ್ ಇರುವ ಸಾಕೆಟ್‌ನಿಂದಲೇ ವೈರು ಎಳೆಸಿದೆ. ಈ ಒಂದು ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸುವುದೇ ಕ್ಷೇಮ. ಎಲೆಗೂ ಟ್ಯೂಬಿಗೂ ಎರಡು ಗೇಣು ದೂರವಿದ್ದಾಗ ಮೊಬೈಲ್ ತೋರಿಸಿದ್ದು 3,500 ಲಕ್ಸ್. ಕುಂಡಗಳ ಅಡಿಗೆ ಇಟ್ಟಿಗೆ ಜೋಡಿಸಿ ಆ ದೂರವನ್ನು ಒಂದು ಗೇಣಿಗೆ ಇಳಿಸಿದಾಗ ಅದು 7,000 ಆಯಿತು. ನಾನು ಕಲಿತದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ: ದೀಪ ದುಬಾರಿಯಾಗಬೇಕಿಲ್ಲ, ಹತ್ತಿರವಾಗಬೇಕು. ಎಲ್‌ಇಡಿ ಟ್ಯೂಬಿನ ಬಿಸಿ ಕಡಿಮೆಯಾದ್ದರಿಂದ ಒಂದು ಗೇಣಿನಲ್ಲಿ ಎಲೆ ಸುಡುವುದಿಲ್ಲ. ಹಿಂಗೈಯನ್ನು ಎಲೆಯ ಮಟ್ಟದಲ್ಲಿ ಹಿಡಿದು ನೋಡಿದರೆ ಬೆಚ್ಚಗೂ ಆಗುವುದಿಲ್ಲ. ಪಕ್ಕಗಳಿಗೆ ಸೋರಿಹೋಗುತ್ತಿದ್ದ ಬೆಳಕನ್ನು ಹಿಡಿಯಲು ಹಳೆಯ ಫ್ಲೆಕ್ಸ್ ಬ್ಯಾನರಿನ ಬಿಳಿಯ ಹಿಂಬದಿಯನ್ನು ರ‍್ಯಾಕಿನ ಮೂರೂ ಕಡೆ ಒಳಮುಖವಾಗಿ ಕಟ್ಟಿದೆ, ಅಳತೆ 8,000 ದಾಟಿತು. ಇನ್ನುಳಿದ ಕೊರತೆಯನ್ನು ತುಂಬಿದ್ದು ಕಾಲಾವಧಿ. ಹೊರಗಿನ ಬಿಸಿಲು ಬೆಳಗಿನಿಂದ ಸಂಜೆಗೆ ಏರಿಳಿಯುತ್ತದೆ, ಟ್ಯೂಬಿನ ಬೆಳಕು ಹನ್ನೆರಡು ಗಂಟೆಯೂ ಒಂದೇ ಸಮ ಇರುತ್ತದೆ. ಖರ್ಚಿನ ಲೆಕ್ಕವೂ ಸರಳ: 40 ವ್ಯಾಟ್, ದಿನಕ್ಕೆ 12 ಗಂಟೆ, ತಿಂಗಳಿಗೆ ಹದಿನಾಲ್ಕೂವರೆ ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ತೊಂಬತ್ತು ರೂಪಾಯಿಯೊಳಗೆ ಮುಗಿಯುತ್ತದೆ.

ದೀಪ ಹಾಕಿ ಆರಿಸಲು ಮುಳ್ಳು ತಿರುಗುವ ಟೈಮರ್ ಒಂದನ್ನು ಇಟ್ಟಿದ್ದೆ. ಜುಲೈನ ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಎದ್ದಾಗ ರ‍್ಯಾಕು ಝಗಝಗಿಸುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಆ ಟೈಮರಿನ ಗಡಿಯಾರವೂ ನಿಲ್ಲುತ್ತದೆ. ವಾರವಿಡೀ ಹೋಗಿ ಬಂದ ಕರೆಂಟಿನಿಂದಾಗಿ ಹಗಲು ರಾತ್ರಿಗಳು ಅದಲುಬದಲಾಗಿದ್ದವು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ಫಲನಾಪ್ಸಿಸ್ ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಸಂಗ್ರಹಿಸುವ ಗಿಡ. ಬೆಳಕಿನಷ್ಟೇ ನಿಯಮವಾಗಿ ಅದಕ್ಕೆ ಕತ್ತಲೂ ಸಿಗಬೇಕು. ಈಗ ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ಇಟ್ಟಿದ್ದೇನೆ. ಬೆಳಿಗ್ಗೆ ಆರೂವರೆಗೆ ಹೊತ್ತಿ ಸಂಜೆ ಆರೂವರೆಗೆ ಆರುತ್ತದೆ.

ಅದೇ ಮಳೆಗಾಲದಲ್ಲಿ ಎರಡು ಗಿಡಗಳಲ್ಲಿ ಒಂದನ್ನು ಕಳೆದುಕೊಂಡೆ. ನೀರು ಹಾಕುವಾಗ ಎಲೆಗಳ ನಡುವಿನ ಸುಳಿಯಲ್ಲಿ ನಾಲ್ಕು ಹನಿ ನಿಂತಿತ್ತು. ಒಣಗುವ ಗಾಳಿಯೇ ಇಲ್ಲದ ದಿನಗಳಲ್ಲಿ ಅದು ಅಲ್ಲೇ ಕೊಳೆಯಿತು. ಒಂದು ಬೆಳಿಗ್ಗೆ ನಡುವಿನ ಎಳೆಯ ಎಲೆಯನ್ನು ಮುಟ್ಟಿದರೆ ಅದು ಬುಡಸಮೇತ ಕೈಗೆ ಬಂತು, ಬುಡ ಕಂದಾಗಿ ಲೋಳೆಯಾಗಿತ್ತು, ಕೊಳೆತ ವಾಸನೆ ಬರುತ್ತಿತ್ತು. ಆ ಗಿಡ ಸತ್ತದ್ದು ಬೆಳಕಿಲ್ಲದೆ ಅಲ್ಲ, ಗಾಳಿಯಿಲ್ಲದೆ. ಅಂದಿನಿಂದ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ರ‍್ಯಾಕಿನ ಮೂಲೆಯಲ್ಲಿ ಹಗಲೂ ರಾತ್ರಿ ಓಡಿಸುತ್ತಿದ್ದೇನೆ. ಬೇರು ಹಸಿರಿನಿಂದ ಬೆಳ್ಳಿಬಣ್ಣಕ್ಕೆ ತಿರುಗುವವರೆಗೆ ನೀರು ಹಾಕುವುದಿಲ್ಲ, ಹಾಕಿದ ಮೇಲೆ ಸುಳಿಯನ್ನು ಹತ್ತಿಯ ತುಂಡಿನಿಂದ ಒರೆಸುತ್ತೇನೆ. ಕುಂಡದಲ್ಲಿದ್ದ ತೆಂಗಿನ ನಾರನ್ನೂ ತೆಗೆದುಹಾಕಿ ಇದ್ದಿಲು ಮತ್ತು ಪೈನ್ ತೊಗಟೆಗೆ ಬದಲಾಯಿಸಿದೆ, ನಮ್ಮ ಮಳೆಗಾಲಕ್ಕೆ ನಾರು ತೀರಾ ತೇವ ಹಿಡಿಯುತ್ತದೆ.

ಉಳಿದ ಗಿಡ ಆರು ತಿಂಗಳಲ್ಲಿ ಅಗಲವಾದ, ದಪ್ಪನೆಯ ಎರಡು ಎಲೆ ಕೊಟ್ಟಿತು. ಆದರೆ ಫಲನಾಪ್ಸಿಸ್ ಹೂಕಡ್ಡಿ ಹೊರಡಿಸಲು ಬೆಳಕಿನ ಜೊತೆಗೆ ಕೆಲವು ವಾರಗಳ ತಂಪೂ ಬೇಕು. ಅದಕ್ಕೆ ನಮ್ಮ ಊರಿನ ಡಿಸೆಂಬರೇ ಸಾಕು. ರಾತ್ರಿ ಕಿಟಕಿ ತೆರೆದಿಟ್ಟರೆ ತಂಪು ಹುಡುಕಿಕೊಂಡು ಬರುತ್ತದೆ. ಜನವರಿಯ ಎರಡನೇ ವಾರ ಕೆಳಗಿನ ಎಲೆಯ ಕಂಕುಳಲ್ಲಿ ಹಸಿರು ಮೊಳಕೆ ಕಂಡಿತು. ಬೇರಿನ ತುದಿ ದುಂಡಗೆ ನುಣುಪಾಗಿರುತ್ತದೆ. ಇದರ ತುದಿ ಚಪ್ಪಟೆಯಾಗಿ, ಒಂದು ಪಕ್ಕಕ್ಕೆ ಸಣ್ಣ ಹೆಬ್ಬೆರಳು ಚಾಚಿದಂತಿತ್ತು. ಮೂರು ದಿನ ಭೂತಗನ್ನಡಿ ಹಿಡಿದು ನೋಡಿ, ಹೂಕಡ್ಡಿಯೇ ಎಂದು ಖಚಿತವಾದ ಮೇಲೆ ಮನೆಯವರಿಗೆ ಹೇಳಿದೆ. ಏಪ್ರಿಲ್‌ನಲ್ಲಿ ಒಂಬತ್ತು ಬಿಳಿ ಹೂಗಳು ಅರಳಿದವು.

ಆ ಉತ್ಸಾಹದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಯಿಂದ ಮರದ ಮೇಲೆ ಬೆಳೆಯುವ ಮಲೆನಾಡಿನ ಆರ್ಕಿಡ್ ಆದ ಸೀತಾಳೆ ದಂಡೆಯ ಒಂದು ಬುಡವನ್ನೂ ತಂದೆ. ಅಂಗಳದ ಹಲಸಿನ ಕೊಂಬೆ ಗಾಳಿಗೆ ಮುರಿದಾಗ ಅದರ ಜೊತೆಯಲ್ಲೇ ನೆಲಕ್ಕೆ ಬಿದ್ದ ಬುಡ ಅದು. ಕಾಡಿನ ಮರದಿಂದ ಕಿತ್ತು ತರುವುದು ಸರಿಯಲ್ಲ, ಹಾಗೆ ತಂದವು ಬದುಕುವುದೂ ಅಪರೂಪ. ಆದರೆ ಮರದ ಮೇಲೆ ಜರಡಿ ಹಿಡಿದ ಬಿಸಿಲಿಗೂ ಬೀಸುಗಾಳಿಗೂ ಒಗ್ಗಿದ ಆ ಗಿಡಕ್ಕೆ 8,000 ಲಕ್ಸ್ ಏನೇನೂ ಸಾಲಲಿಲ್ಲ. ನಾಲ್ಕು ತಿಂಗಳಲ್ಲಿ ಅದರ ಬೇರುಗಳ ತುದಿ ಬೆಳೆಯುವುದನ್ನು ನಿಲ್ಲಿಸಿದವು. ಫೋನಿನಲ್ಲಿ ಹೇಳಿದಾಗ ಅಮ್ಮ, "ಮರದ್ ಮೇಲೆ ಇರದನ್ನ ಮನೆಯೊಳಗೆ ಕೂರ್ಸಿರೆ ಹೆಂಗೆ ಬದುಕ್ತದೆ, ತಗಂಡ್ ಬಾ ಮಾರಾಯ" ಎಂದರು. ಮುಂದಿನ ಭಾನುವಾರವೇ ಒಯ್ದು, ತೆಂಗಿನ ಸಿಪ್ಪೆ ಕೊಟ್ಟು, ಅದೇ ಹಲಸಿನ ಇನ್ನೊಂದು ಕೊಂಬೆಗೆ ಬಾಳೆನಾರಿನಲ್ಲಿ ಕಟ್ಟಿ ಬಂದೆ. ರ‍್ಯಾಕಿನಲ್ಲಿ ತೆರವಾದ ಆ ಜಾಗದಲ್ಲಿ ಈಗ ಮೂರು ಎಲೆಯ ಎಳೆಯ ಫಲನಾಪ್ಸಿಸ್ ಒಂದಿದೆ, ಟ್ಯೂಬಿನಿಂದ ಸರಿಯಾಗಿ ಒಂದು ಗೇಣು ಕೆಳಗೆ.