ಮ್ಯಾರಥಾನ್‌ಗೆ ಮುನ್ನ ಗಾಯವಾದರೆ, ಜ್ವರ ಬಂದರೆ: ಅಭ್ಯಾಸವನ್ನು ಹೇಗೆ ಬದಲಿಸಬೇಕು

ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅಲ್ಲಿ 42.195 ಕಿಲೋಮೀಟರ್ ಓಡಲು ಹೆಸರು ನೋಂದಾಯಿಸಿರುವ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಓಟಗಾರರು ಹದಿನಾರರಿಂದ ಹದಿನೆಂಟು ವಾರಗಳ ಅಭ್ಯಾಸವನ್ನು ಸೆಪ್ಟೆಂಬರ್ ತಿಂಗಳಲ್ಲೇ ಆರಂಭಿಸಬೇಕಾಗುತ್ತದೆ. ನಮ್ಮಲ್ಲಿ ಅದು ಮಳೆ ಇನ್ನೂ ಬಿಟ್ಟಿರದ, ಡೆಂಗಿ ಜ್ವರದ ಭಯ ಇದ್ದೇ ಇರುವ ಕಾಲ. ಅದರ ಹಿಂದೆಯೇ ದಸರಾ, ದೀಪಾವಳಿಗಳ ಪ್ರಯಾಣ ಮತ್ತು ಹೊರಗಿನ ಊಟ, ಆಮೇಲೆ ಡಿಸೆಂಬರ್‌ನ ಚಳಿ, ನೆಗಡಿ ಬರುತ್ತವೆ. ಇದೇ ಅವಧಿಯಲ್ಲಿ ವಾರದ ಓಟದ ದೂರವೂ ಏರುತ್ತಾ ಹೋಗುತ್ತದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಂಡರೂ ಎಲುಬು ಮತ್ತು ಸ್ನಾಯುಗಳನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳು ಒಗ್ಗಲು ತಿಂಗಳುಗಳೇ ಬೇಕಾಗುವುದರಿಂದ, ಉಸಿರು ಸಲೀಸಾಗಿದೆ ಎನ್ನುವ ಧೈರ್ಯದಲ್ಲಿ ದೂರ ಹೆಚ್ಚಿಸಿದವರ ಕಾಲುಗಳು ನವೆಂಬರ್ ಹೊತ್ತಿಗೆ ನೋಯಲಾರಂಭಿಸುತ್ತವೆ.

ಅಭ್ಯಾಸದ ವೇಳಾಪಟ್ಟಿಯನ್ನು ಆರೋಗ್ಯವಾಗಿರುವ ದೇಹಕ್ಕಾಗಿ ಬರೆದಿರುತ್ತಾರೆ. ದೇಹದ ಸ್ಥಿತಿ ಬದಲಾದ ದಿನವೇ ಪಟ್ಟಿಯೂ ಬದಲಾಗಬೇಕು. ಗಾಯಕ್ಕಿಂತಲೂ ಗಾಯವಾದ ಮೊದಲ ಮೂರು ನಾಲ್ಕು ದಿನಗಳಲ್ಲಿ ತೆಗೆದುಕೊಂಡ ತಪ್ಪು ನಿರ್ಧಾರವೇ ಹೆಚ್ಚು ಓಟಗಳನ್ನು ಕೈತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಆ ದಿನಗಳಿಂದಲೇ ಆರಂಭಿಸೋಣ.

ಹಂತ 1: ನೋವು ಎಲ್ಲಿಯದೆಂದು ಗುರುತಿಸಿ

ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ, ಮುಗಿದ ಮರುದಿನ ತೊಡೆ ಮತ್ತು ಮೀನಖಂಡಗಳಲ್ಲಿ ಎರಡೂ ಕಾಲಿಗೆ ಸಮನಾಗಿ ಹರಡಿಕೊಂಡಿರುವ ನೋವು ಸ್ನಾಯುಗಳ ಆಯಾಸದ್ದು. ಅದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದಕ್ಕಾಗಿ ಅಭ್ಯಾಸ ನಿಲ್ಲಿಸಬೇಕಾಗಿಲ್ಲ, ನಿಧಾನಗೊಳಿಸಿದರೆ ಸಾಕು. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವ ನೋವನ್ನು ಮಾತ್ರ ಬೇರೆಯಾಗಿಯೇ ನೋಡಬೇಕು.

ಸ್ನಾಯುರಜ್ಜಿನ ನೋವಿಗೆ ಒಂದು ಸ್ಪಷ್ಟವಾದ ನಡವಳಿಕೆ ಇದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಬಿಗಿದಿರುತ್ತದೆ. ಓಡಲು ತೊಡಗಿದ ಹತ್ತು ನಿಮಿಷಕ್ಕೆ ನೋವು ಮರೆತುಹೋಗುತ್ತದೆ. ಸಂಜೆಗೋ ಮರುದಿನಕ್ಕೋ ಮರಳಿ ಬರುತ್ತದೆ. ಅಂಗಾಲಿನ ನೋವು, ಅಂದರೆ ಪ್ಲಾಂಟರ್ ಫ್ಯಾಸಿಯೈಟಿಸ್, ಇದೇ ಬಗೆಯಲ್ಲಿ ದಿನದ ಮೊದಲ ಹೆಜ್ಜೆಗಳಲ್ಲಿ ಹೆಚ್ಚು ಕಾಡುತ್ತದೆ. ಮಂಡಿಯ ಹೊರಮಗ್ಗುಲಿನಲ್ಲಿ ನಿರ್ದಿಷ್ಟ ದೂರ ಓಡಿದ ಮೇಲೆಯೇ ಶುರುವಾಗಿ ಇಳಿಜಾರಿನಲ್ಲಿ ಉಲ್ಬಣಿಸುವ ನೋವು ಬಹುತೇಕ ಐ.ಟಿ. ಬ್ಯಾಂಡಿನದು, ಅಂದರೆ ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಮಂಡಿಯವರೆಗೆ ಇಳಿಯುವ ಗಟ್ಟಿ ಪಟ್ಟಿಯದು. ಮಂಡಿಚಿಪ್ಪಿನ ಸುತ್ತ, ಮೆಟ್ಟಿಲು ಇಳಿಯುವಾಗ ಮತ್ತು ಬಹಳ ಹೊತ್ತು ಕುಳಿತು ಎದ್ದಾಗ ಬರುವುದನ್ನು ಓಟಗಾರರ ಮಂಡಿನೋವು ಎನ್ನುತ್ತಾರೆ. ಇವೆಲ್ಲವೂ ಕಾಡುವ ನೋವುಗಳೇ ಆದರೂ, ಭಾರವನ್ನು ಅಳೆದು ತೂಗಿ ಕಡಿಮೆ ಮಾಡಿದರೆ ಇವುಗಳ ಜೊತೆಗೇ ಅಭ್ಯಾಸ ಮುಂದುವರಿಸುವುದು ಹೆಚ್ಚಿನವರಿಗೆ ಸಾಧ್ಯ.

ಎಲುಬಿನ ನೋವಿನ ವಿಷಯದಲ್ಲಿ ಅಂಥ ರಾಜಿ ಸಾಧ್ಯವಿಲ್ಲ. ಕಣಕಾಲಿನ ಎಲುಬಿನ ಉದ್ದಕ್ಕೂ ಹರಡಿದ ನೋವು ಶಿನ್ ಸ್ಪ್ಲಿಂಟ್ ಆಗಿರಬಹುದು. ಆದರೆ ಒಂದೇ ಬೆರಳಿನ ತುದಿಯಿಂದ ತೋರಿಸಬಲ್ಲಷ್ಟು ಚಿಕ್ಕ ಜಾಗ ಒತ್ತಿದರೆ ನೋಯುತ್ತಿದ್ದರೆ, ಆ ಒಂದೇ ಕಾಲಿನ ಮೇಲೆ ಕುಪ್ಪಳಿಸಿದಾಗ ಅಲ್ಲೇ ಚುಚ್ಚಿದಂತಾದರೆ, ಓಡಿದಷ್ಟೂ ನೋವು ಹೆಚ್ಚಾಗುತ್ತಾ ರಾತ್ರಿ ಮಲಗಿದಾಗಲೂ ಉಳಿದರೆ, ಅದು ಎಲುಬಿನ ಕೂದಲೆಳೆಯ ಬಿರುಕು, ಅಂದರೆ ಸ್ಟ್ರೆಸ್ ಫ್ರಾಕ್ಚರ್ ಎಂದೇ ಭಾವಿಸಿ ಅಂದೇ ಓಟ ನಿಲ್ಲಿಸಬೇಕು. ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಇರುವುದು ಸಾಮಾನ್ಯ. ಆದ್ದರಿಂದ ಎಕ್ಸ್‌ರೇ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಓಟಕ್ಕೆ ಮರಳದೆ, ಎಂ.ಆರ್.ಐ. ಬೇಕೇ ಎಂದು ವೈದ್ಯರನ್ನು ಕೇಳಬೇಕು. ತೊಡೆಸಂದಿನ ಆಳದಲ್ಲಿ, ಕಾಲೂರಿದೊಡನೆ ಬರುವ ನೋವು ಎಲ್ಲಕ್ಕಿಂತ ಅಪಾಯಕಾರಿ. ತೊಡೆ ಎಲುಬಿನ ಕುತ್ತಿಗೆಯಲ್ಲಿನ ಬಿರುಕು ಪೂರ್ತಿ ಮುರಿದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮಹಿಳೆಯರಲ್ಲಿ ಅಭ್ಯಾಸ ಹೆಚ್ಚಿದ ತಿಂಗಳುಗಳಲ್ಲಿ ಮುಟ್ಟು ನಿಂತುಹೋದರೆ, ದೇಹಕ್ಕೆ ಬೇಕಾದಷ್ಟು ಊಟ ಸಿಗುತ್ತಿಲ್ಲವೆಂಬ, ಎಲುಬು ದುರ್ಬಲವಾಗುತ್ತಿದೆಯೆಂಬ ಸೂಚನೆ ಅದಾಗಿರಬಹುದು. ಹೇಳಿಕೊಳ್ಳಲು ಸಂಕೋಚವೆಂದು ಅದನ್ನು ಮುಚ್ಚಿಡಬಾರದು.

ಹಂತ 2: ನೋವನ್ನು ಅಳೆದು ಬರೆದಿಡಿ

ಎಲುಬಿನ ಸಂಶಯವಿಲ್ಲ ಎಂದಾದ ಮೇಲೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಓಡುವಾಗ, ಓಡಿದ ಸಂಜೆ, ಮರುದಿನ ಬೆಳಿಗ್ಗೆ ಹೀಗೆ ಮೂರು ಬಾರಿ ಬರೆದಿಡಿ. ಓಡುವಾಗ ನೋವು ಮೂರನ್ನು ದಾಟದೆ, ಮರುದಿನ ಬೆಳಿಗ್ಗೆ ಓಟಕ್ಕೆ ಮುಂಚಿನ ಮಟ್ಟಕ್ಕೆ ಇಳಿದಿದ್ದರೆ ಅಷ್ಟು ಭಾರವನ್ನು ಕಾಲು ತಾಳಿಕೊಂಡಿದೆ ಎಂದರ್ಥ. ನಾಲ್ಕು ಐದಕ್ಕೆ ಏರಿದರೆ ಮುಂದಿನ ಓಟದ ದೂರವನ್ನು ಅರ್ಧಕ್ಕಿಳಿಸಿ, ವೇಗದ ಓಟ ಮತ್ತು ಏರುರಸ್ತೆಗಳನ್ನು ಪೂರ್ತಿಯಾಗಿ ಬಿಡಬೇಕು. ಅಂಕ ಎಷ್ಟೇ ಇರಲಿ, ಓಡುವ ಶೈಲಿ ಬದಲಾಗಿ ಕಾಲೆಳೆಯುವಂತಾದರೆ ಅಲ್ಲಿಯೇ ನಿಲ್ಲಿಸಿ ಆಟೊ ಹಿಡಿದು ಮನೆಗೆ ಮರಳುವುದೇ ಸರಿಯಾದ ಅಭ್ಯಾಸ.

ಮಂಡಿನೋವಿದ್ದವರು ವೇಗವನ್ನು ಹಾಗೆಯೇ ಇಟ್ಟುಕೊಂಡು, ನಿಮಿಷಕ್ಕೆ ಹಾಕುವ ಹೆಜ್ಜೆಗಳನ್ನು ಶೇಕಡ 5ರಿಂದ 10ರಷ್ಟು ಹೆಚ್ಚಿಸಿದರೆ ಪ್ರತಿ ಹೆಜ್ಜೆಯ ಉದ್ದ ಕುಗ್ಗಿ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಅಕಿಲಿಸ್ ನೋವಿಗೆ ಬರಿಯ ವಿಶ್ರಾಂತಿಗಿಂತ ವ್ಯಾಯಾಮ ಹೆಚ್ಚು ಫಲಕಾರಿ. ಮೆಟ್ಟಿಲಿನ ಅಂಚಿನಲ್ಲಿ ಕಾಲ್ಬೆರಳುಗಳ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ಹದಿನೈದರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ ಮಾಡಿಸುವ ಕ್ರಮವನ್ನು ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದರು. ಇಂದಿಗೂ ಫಿಸಿಯೋಗಳು ಅದನ್ನು ಅಲ್ಪಸ್ವಲ್ಪ ಬದಲಿಸಿ ಹೇಳಿಕೊಡುತ್ತಾರೆ.

ಹಂತ 3: ಓಟ ನಿಂತರೂ ದಮ್ಮನ್ನು ಉಳಿಸಿಕೊಳ್ಳಿ

1984ರ ಏಪ್ರಿಲ್ 25ರಂದು ಅಮೆರಿಕದ ಜೋನ್ ಬೆನಾಯ್ಟ್ ಎಂಬ ಓಟಗಾರ್ತಿಯ ಮಂಡಿಗೆ ಆರ್ತ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಾಯಿತು. ಒಲಿಂಪಿಕ್ಸ್ ತಂಡದ ಆಯ್ಕೆಯ ಮ್ಯಾರಥಾನ್‌ಗೆ ಆಗ ಉಳಿದಿದ್ದದ್ದು 17 ದಿನ. ಕಾಲು ಊರಿ ಓಡಲಾಗದ ದಿನಗಳಲ್ಲಿ ಅವರು ಸೈಕಲ್ ಯಂತ್ರದ ಪೆಡಲನ್ನು ಕೈಯಿಂದ ತಿರುಗಿಸಿ ಹೃದಯಕ್ಕೆ ಕೆಲಸ ಕೊಟ್ಟರು. ಮೇ 12ರಂದು ಆಯ್ಕೆ ಓಟವನ್ನು ಗೆದ್ದು, ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್‌ನ ಚಿನ್ನವನ್ನು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಪಡೆದರು. ಇದನ್ನು ಕೇಳಿ ಶಸ್ತ್ರಚಿಕಿತ್ಸೆಯಾದ ಮೂರನೇ ವಾರಕ್ಕೆ ಓಡಲು ಹೊರಡುವವರಿದ್ದಾರೆ. ಅವರು ಗಮನಿಸಬೇಕಾದದ್ದು ಬೇರೆ: ಬೆನಾಯ್ಟ್ ಅವರಿಗೆ ವರ್ಷಗಳ ಅಭ್ಯಾಸದ ಬುನಾದಿಯಿತ್ತು, ಜೊತೆಯಲ್ಲಿ ತಜ್ಞ ವೈದ್ಯರಿದ್ದರು, ಮತ್ತು ಅಷ್ಟಾದರೂ ನೋಯುವ ಮಂಡಿಯನ್ನು ಕಾಪಾಡಲು ಹೋಗಿ ಅವರ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಯಿತು. ನಮ್ಮಂಥವರು ಅವರಿಂದ ಕಲಿಯಬಹುದಾದದ್ದು ಪರ್ಯಾಯ ವ್ಯಾಯಾಮದ ಶಿಸ್ತನ್ನು.

ನಮಗೆ ಸುಲಭವಾಗಿ ಸಿಗುವ ಪರ್ಯಾಯಗಳಲ್ಲಿ ಆಳದ ನೀರಿನಲ್ಲಿ ಓಡುವುದು ಎಲ್ಲಕ್ಕಿಂತ ಮೇಲು. ಸೊಂಟಕ್ಕೆ ತೇಲುವ ಪಟ್ಟಿ ಕಟ್ಟಿಕೊಂಡು, ಪಾದ ತಳಕ್ಕೆ ತಾಗದಂತೆ, ನೆಲದ ಮೇಲೆ ಓಡುವ ಭಂಗಿಯಲ್ಲೇ ಕೈಕಾಲು ಆಡಿಸಬೇಕು. ಕಾಲಿಗೆ ಹೊಡೆತವೇ ಇಲ್ಲದ ಕಾರಣ ಎಲುಬಿನ ಗಾಯದವರಿಗೂ ವೈದ್ಯರು ಹೆಚ್ಚಾಗಿ ಇದಕ್ಕೆ ಒಪ್ಪುತ್ತಾರೆ. ಈಜುಕೊಳವಿಲ್ಲದ ಊರಿನಲ್ಲಿ ಸೈಕಲ್ ಇದೆ. ಮೂಲ ಪಟ್ಟಿಯಲ್ಲಿ ಒಂದು ಗಂಟೆಯ ಓಟವಿದ್ದರೆ ಅದೇ ಒಂದು ಗಂಟೆ, ಅಷ್ಟೇ ಏದುಸಿರಿನಲ್ಲಿ, ಪರ್ಯಾಯ ವ್ಯಾಯಾಮ ನಡೆಯಲಿ. ಕಿಲೋಮೀಟರ್ ಲೆಕ್ಕವನ್ನು ಆ ವಾರಗಳಲ್ಲಿ ಬಿಟ್ಟುಬಿಡಿ.

ಹಂತ 4: ಕಾಯಿಲೆ ಬಂದಾಗ ಕುತ್ತಿಗೆಯ ಗೆರೆ, ಜ್ವರದ ಗೆರೆ

ಮೂಗು ಸೋರುವುದು, ಸೀನು, ಸ್ವಲ್ಪ ಗಂಟಲು ಕೆರೆತ ಇವು ಕುತ್ತಿಗೆಯಿಂದ ಮೇಲಿನವು. ಇಂಥ ನೆಗಡಿಯಲ್ಲಿ ಹತ್ತು ನಿಮಿಷ ನಿಧಾನವಾಗಿ ಓಡಿ ನೋಡಿ, ಹಗುರವೆನಿಸಿದರೆ ಅರ್ಧ ದೂರ ಮುಂದುವರಿಸಬಹುದು. ಎದೆಯ ಕಫ, ಮೈಕೈ ನೋವು, ಹೊಟ್ಟೆ ಕೆಡುವುದು ಇವು ಕೆಳಗಿನವು, ಇವುಗಳಲ್ಲಿ ಓಡಬಾರದು. ಜ್ವರವಿದ್ದಾಗ ಒಂದು ಕಿಲೋಮೀಟರನ್ನೂ ಓಡಬಾರದು. ಜ್ವರ ತರುವ ಕೆಲವು ವೈರಾಣುಗಳು ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲವು, ಆ ಸ್ಥಿತಿಯಲ್ಲಿ ಕಠಿಣವಾಗಿ ಶ್ರಮಿಸಿದರೆ ಹೃದಯದ ಬಡಿತ ತಪ್ಪಿ ಪ್ರಾಣಕ್ಕೇ ಅಪಾಯವಾಗಬಹುದು. ಜ್ವರ ಬಿಟ್ಟ ಮೇಲೂ ಎದೆನೋವು, ಏದುಸಿರು, ತಲೆಸುತ್ತು, ಎದೆ ಡವಗುಟ್ಟುವುದು ಉಳಿದಿದ್ದರೆ ಇ.ಸಿ.ಜಿ. ಮಾಡಿಸದೆ ಓಟಕ್ಕೆ ಮರಳುವಂತಿಲ್ಲ.

ನಮ್ಮ ಊರುಗಳಲ್ಲಿ ಡೆಂಗಿಯ ಬಗ್ಗೆ ವಿಶೇಷವಾಗಿ ಹೇಳಲೇಬೇಕು. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ, ಅದರಲ್ಲೂ ಮುಂಜಾನೆ ಮತ್ತು ಮುಸ್ಸಂಜೆಗೆ ಮುಂಚೆ ಹೆಚ್ಚು ಕಚ್ಚುತ್ತದೆ. ನಾವು ಉದ್ಯಾನಗಳಲ್ಲಿ, ಕೆರೆಯ ಏರಿಗಳಲ್ಲಿ ಚಡ್ಡಿ ತೊಟ್ಟು ಓಡುವುದೂ ಅದೇ ಹೊತ್ತಿನಲ್ಲಿ. ಓಟಕ್ಕೆ ಮುನ್ನ ಕಾಲುಗಳಿಗೆ ಸೊಳ್ಳೆ ನಿವಾರಕ ಹಚ್ಚುವುದು ಶೂ ಲೇಸು ಕಟ್ಟುವಷ್ಟೇ ಕಡ್ಡಾಯವಾಗಬೇಕು. ಡೆಂಗಿಯಲ್ಲಿ ಜ್ವರ ಇಳಿದ ನಂತರದ ಒಂದೆರಡು ದಿನಗಳೇ ಹೆಚ್ಚು ಅಪಾಯದವು. ಜ್ವರ ಬಿಟ್ಟಿತೆಂದು ಶೂ ಏರಿಸುವ ಓಟಗಾರ ಆ ಹೊತ್ತಿನಲ್ಲೇ ರಕ್ತಪರೀಕ್ಷೆ ಮತ್ತು ವೈದ್ಯರ ನಿಗಾದಲ್ಲಿ ಇರಬೇಕಾದವನು. ಪ್ಲೇಟ್‌ಲೆಟ್ ಸಂಖ್ಯೆ ಸಹಜಕ್ಕೆ ಮರಳಿ ವೈದ್ಯರು ಒಪ್ಪಿದ ಮೇಲೆ ಮೊದಲ ವಾರ ನಡಿಗೆ ಮಾತ್ರ ಇರಲಿ. ಮ್ಯಾರಥಾನ್‌ಗೆ ಆರು ವಾರ ಇರುವಾಗ ಡೆಂಗಿ ಬಂದವರಿಗೆ ಆ ಬಾರಿಯ ಪೂರ್ಣ ಮ್ಯಾರಥಾನ್ ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಆ ಸುಸ್ತು ವಾರಗಟ್ಟಲೆ ಉಳಿಯುತ್ತದೆ. ಚಿಕುನ್‌ಗುನ್ಯಾ ಆದವರಿಗೆ ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ಅವರು ಎರಡನೆಯ ಹಂತದ ಅಂಕಗಳನ್ನೇ ಅನುಸರಿಸಬೇಕು.

ಹೊಟ್ಟೆ ಕೆಟ್ಟು ಬೇಧಿಯಾದರೆ ಒ.ಆರ್.ಎಸ್., ಗಂಜಿ, ಮಜ್ಜಿಗೆ ಮತ್ತು ವಿಶ್ರಾಂತಿ. ಮೂತ್ರದ ಬಣ್ಣ ತಿಳಿಯಾಗಿ, ಎರಡು ದಿನ ಸರಿಯಾಗಿ ಊಟ ಸೇರಿದ ಮೇಲೆ ಓಡಬಹುದು.

ಹಂತ 5: ಮಾತ್ರೆಗಳ ವಿಷಯದಲ್ಲಿ ಎಚ್ಚರ

ಪೌಲಾ ರಾಡ್‌ಕ್ಲಿಫ್ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮಹಿಳೆಯರ ಮ್ಯಾರಥಾನ್ ವಿಶ್ವದಾಖಲೆಯ ಒಡತಿಯಾಗಿ ಬಂದಿದ್ದ ಬ್ರಿಟನ್ನಿನ ಓಟಗಾರ್ತಿ. ಓಟಕ್ಕೆ ಎರಡು ವಾರವಿರುವಾಗ ಕಾಲಿಗೆ ಗಾಯವಾಗಿ ಉರಿಯೂತ ತಗ್ಗಿಸುವ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರು. ಅದರಿಂದ ಹೊಟ್ಟೆ ಕೆಟ್ಟು, ತಿಂದದ್ದು ಮೈಗೆ ಹತ್ತದಂತಾಗಿ, ಸುಮಾರು 36 ಕಿಲೋಮೀಟರ್ ಬಳಿ ರಸ್ತೆಬದಿಯಲ್ಲಿ ನಿಂತುಬಿಟ್ಟರು. ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳಂಥ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆಡಿಸುವುದಲ್ಲದೆ, ನೀರು ಕಳೆದುಕೊಂಡ ದೇಹದಲ್ಲಿ ಮೂತ್ರಪಿಂಡಗಳಿಗೂ ಹಾನಿ ಮಾಡಬಲ್ಲವು. ಡೆಂಗಿಯ ಸಂಶಯವಿದ್ದಾಗ ಇವನ್ನೂ ಆಸ್ಪಿರಿನನ್ನೂ ಮುಟ್ಟಲೇಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಅಳತೆಯಲ್ಲಿ.

ಓಟಗಾರರು ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿ ಆಂಟಿಬಯಾಟಿಕ್‌ಗಳದು. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಎಂಬ ಗುಂಪಿನ ಔಷಧಗಳು ಅಪರೂಪಕ್ಕೆ ಅಕಿಲಿಸ್ ರಜ್ಜಿಗೆ ಉರಿಯೂತ ತರಬಹುದು, ರಜ್ಜು ಹರಿಯುವುದೂ ಉಂಟು. ಬೇಧಿಗೆಂದು ಅಂಗಡಿಯಲ್ಲಿ ಕೇಳಿ ಇವನ್ನು ನುಂಗುವ ರೂಢಿ ಓಟಗಾರನಿಗಂತೂ ಸಲ್ಲದು. ವೈದ್ಯರ ಬಳಿ ಹೋದಾಗ ನಾನು ಮ್ಯಾರಥಾನ್‌ಗೆ ತಯಾರಾಗುತ್ತಿದ್ದೇನೆ ಎಂದು ಮೊದಲೇ ತಿಳಿಸಿದರೆ, ಸಾಧ್ಯವಿದ್ದಲ್ಲಿ ಅವರು ಬೇರೆ ಔಷಧ ಬರೆಯಬಹುದು.

ಹಂತ 6: ತಪ್ಪಿದ ಓಟಗಳನ್ನು ತೀರಿಸಲು ಹೋಗಬೇಡಿ

ಹತ್ತು ದಿನ ಮಲಗಿ ಎದ್ದವರು ಬಿಟ್ಟುಹೋದ ದೂರವನ್ನು ಸಾಲದಂತೆ ಭಾವಿಸಿ ಒಂದೇ ವಾರದಲ್ಲಿ ತೀರಿಸಲು ಹೊರಡುವುದನ್ನು ಪ್ರತಿ ವರ್ಷ ನೋಡುತ್ತೇವೆ. ಅಷ್ಟು ಆತಂಕಕ್ಕೆ ಕಾರಣವಿಲ್ಲ. ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದ ನುರಿತ ಕ್ರೀಡಾಪಟುಗಳನ್ನು ಗಮನಿಸಿ ಎಡ್ವರ್ಡ್ ಕೊಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಮೊದಲ 21 ದಿನಗಳಲ್ಲಿ ಶೇಕಡ 7ರಷ್ಟು, 56 ದಿನಗಳ ಹೊತ್ತಿಗೆ ಶೇಕಡ 16ರಷ್ಟು ಇಳಿದಿತ್ತು. ಅಂದರೆ ಒಂದು ವಾರದ ವಿಶ್ರಾಂತಿಯ ನಷ್ಟ ತೀರ ಚಿಕ್ಕದು.

ಮೂರು ದಿನದೊಳಗಿನ ವಿರಾಮವಾದರೆ ಪಟ್ಟಿಯಲ್ಲಿ ಆ ದಿನ ಏನಿದೆಯೋ ಅದನ್ನೇ ಮಾಡಿ. ಒಂದು ವಾರ ತಪ್ಪಿದ್ದರೆ ಮೂರು ದಿನ ಹಗುರವಾದ ಓಟ, ನಂತರ ಹಿಂದಿನ ಲಾಂಗ್ ರನ್ನಿಗಿಂತ ಕಡಿಮೆ ದೂರದ ಲಾಂಗ್ ರನ್. ಎರಡು ವಾರ ತಪ್ಪಿದ್ದರೆ ಹಳೆಯ ವಾರದ ದೂರದ ಅರ್ಧದಿಂದ ಆರಂಭಿಸಿ ಮೂರು ವಾರಗಳಲ್ಲಿ ಮೇಲೇರಬೇಕು, ವೇಗದ ಓಟ ಕೊನೆಗೆ. ನಾಲ್ಕು ವಾರ ಮೀರಿ ನಿಲ್ಲಿಸಿದವರಿಗೆ ಓಟದ ದಿನಕ್ಕೆ ಎಂಟು ವಾರವೂ ಇಲ್ಲದಿದ್ದರೆ, ಸಮಯದ ಗುರಿಯನ್ನು ಬಿಟ್ಟು ಮುಗಿಸುವ ಗುರಿಯನ್ನೋ ಅರ್ಧ ಮ್ಯಾರಥಾನನ್ನೋ ಆರಿಸಿಕೊಳ್ಳುವುದು ವಿವೇಕ. ಬೆಳಿಗ್ಗೆ ಎದ್ದೊಡನೆ ನಾಡಿ ಎಣಿಸಿ. ನಿಮ್ಮ ಸಾಮಾನ್ಯ ಸಂಖ್ಯೆಗಿಂತ ಹತ್ತರಷ್ಟು ಹೆಚ್ಚಿದ್ದರೆ ಅಂದಿನ ಓಟ ಬೇಡ.

ಕೊನೆಯ ಮೂರು ವಾರಗಳಲ್ಲಿ ಆದ ಸಣ್ಣ ಗಾಯಕ್ಕೆ ಓಟಗಾರರು ಹೆಚ್ಚು ಹೆದರುತ್ತಾರೆ. ಆದರೆ ಆ ಹೊತ್ತಿಗೆ 30–32 ಕಿಲೋಮೀಟರ್‌ಗಳ ಲಾಂಗ್ ರನ್ ಮುಗಿದಿರುತ್ತದೆ, ಹೇಗೂ ಓಟಕ್ಕೆ ಮುನ್ನ ದೂರವನ್ನು ಇಳಿಸುತ್ತಾ ಹೋಗುವ ಟೇಪರ್‌ನ ವಿಶ್ರಾಂತಿ ಬೇಕಿರುತ್ತದೆ. ಕೊನೆಯ ಹತ್ತು ದಿನ ಮಾಡಿದ ಕಠಿಣ ಓಟದ ಫಲ ಮ್ಯಾರಥಾನ್ ದಿನಕ್ಕೆ ಹೇಗೂ ಸಿಗದು.

ಹಂತ 7: ಕೊನೆಯ ವಾರದ ನಿರ್ಧಾರ

ಓಟಕ್ಕೆ ಒಂದು ವಾರವಿರುವಾಗ, ನೋವಿನ ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ದಿನ ಕಳೆದಿರುವಾಗ, ಎಂಟು ಕಿಲೋಮೀಟರ್ ಹಗುರವಾಗಿ ಓಡಿ ನೋಡಿ. ಕಾಲೆಳೆಯದೆ ಓಡಲು ಆಗಬೇಕು. ನಂತರ ಗಾಯವಾದ ಒಂದೇ ಕಾಲಿನ ಮೇಲೆ ಇಪ್ಪತ್ತು ಬಾರಿ ಕುಪ್ಪಳಿಸಿದರೂ ನೋಯಬಾರದು. ಮರುದಿನ ಬೆಳಿಗ್ಗೆ ನೋವು ಹೆಚ್ಚಿರಬಾರದು. ಕಾಯಿಲೆಯಿಂದ ಎದ್ದವರಿಗೆ ಜ್ವರ ಬಿಟ್ಟು ಕನಿಷ್ಠ ಒಂದು ವಾರವಾಗಿರಬೇಕು, ನಾಡಿ ಸಹಜವಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮುಂಬೈಗೆ ಗೆಳೆಯರನ್ನು ಹುರಿದುಂಬಿಸಲು ಹೋಗಿ, ಆದರೆ ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿಯಾದ ಬಿಬ್ ತೊಡಬೇಡಿ. ರೈಲು ಟಿಕೆಟ್, ನೋಂದಣಿ ಶುಲ್ಕ, ನಾಲ್ಕು ತಿಂಗಳ ಬೆವರು ಇವೆಲ್ಲದರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬಿರುಕಿರುವ ಎಲುಬಿನ ಮೇಲೆ 42 ಕಿಲೋಮೀಟರ್ ಓಡುವುದಕ್ಕೆ ಅವು ಕಾರಣವಾಗಲಾರವು.

ಎಲ್ಲ ಪರೀಕ್ಷೆಗಳಲ್ಲೂ ಗೆದ್ದು ಓಡಲು ಹೊರಟವರು ಹಿಂದಿನ ರಾತ್ರಿಯೇ ಬಿಬ್‌ನ ಹಿಂಬದಿಯಲ್ಲಿ ತುರ್ತು ಸಂಪರ್ಕದ ಸಂಖ್ಯೆ, ರಕ್ತದ ಗುಂಪು, ಇತ್ತೀಚೆಗೆ ಬಂದಿದ್ದ ಕಾಯಿಲೆ ಮತ್ತು ತೆಗೆದುಕೊಂಡ ಔಷಧಗಳನ್ನು ಬರೆದಿಡಿ. ಮೊದಲ ಹತ್ತು ಕಿಲೋಮೀಟರನ್ನು ಅಂದುಕೊಂಡದ್ದಕ್ಕಿಂತ ನಿಧಾನವಾಗಿ ಓಡಿ. ಹಳೆಯ ನೋವು ಐದನ್ನು ದಾಟಿದರೆ, ಅಥವಾ ಎದೆಯಲ್ಲಿ ಬಿಗಿತ, ಕಣ್ಣು ಮಂಜಾಗುವುದು, ಚಳಿಯಾಗಿ ನಡುಗುವುದು ಕಂಡರೆ, ಮುಂದಿನ ವೈದ್ಯಕೀಯ ಕೇಂದ್ರದವರೆಗೆ ಹೋಗೋಣವೆಂದು ಕಾಯದೆ, ಅಲ್ಲಿಯೇ ರಸ್ತೆಬದಿಗೆ ಸರಿದು ಹತ್ತಿರದ ಸ್ವಯಂಸೇವಕರನ್ನು ಕರೆಯಿರಿ.