ಕಿಲ್ನ್ ಎಲ್ಲರದು, ಸೋರಿದ ಗ್ಲೇಜ್ ನನ್ನದು

ಬೆಂಗಳೂರಿನಲ್ಲಿ ಒಂದು ಮನೆಯ ಕೆಳಗಿನ ಭಾಗವನ್ನು ನಾವು ನಾಲ್ವರು ಬಾಡಿಗೆಗೆ ಹಿಡಿದು ಕುಂಬಾರಿಕೆಯ ಸ್ಟುಡಿಯೋ ಮಾಡಿಕೊಂಡಿದ್ದೇವೆ. ತಿಗರಿ ಮೂರಿವೆ, ಪಾತ್ರೆ ಸುಡುವ ಒಲೆ, ಅಂದರೆ ಕಿಲ್ನ್, ಒಂದೇ. ಹಾಗಾಗಿ ಮಣ್ಣು ಮುಟ್ಟುವ ಮೊದಲು ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಕಿಲ್ನ್ ಹಾಕುವ ದಿನಕ್ಕೆ ಗುರುತು ಇರುತ್ತದೆ, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ.

ಮಳೆಗಾಲದಲ್ಲಿ ಒಂದು ಲೋಟ ಒಣಗುವುದಕ್ಕೆ ಹತ್ತು ದಿನವೂ ಹಿಡಿಯುತ್ತದೆ. ಮಾರ್ಚಿನಲ್ಲಿ ಉಲ್ಟಾ. ಸಂಜೆ ಮಾಡಿಟ್ಟದ್ದರ ಅಂಚು ಬೆಳಿಗ್ಗೆಗೆಲ್ಲ ಒಣಗಿರುತ್ತದೆ, ಹಿಡಿ ಅಂಟಿಸಿದರೆ ಬಿರುಕು ಬಿಡುತ್ತದೆ. ಅದಕ್ಕೇ ಪ್ಲಾಸ್ಟಿಕ್ ಕವರ್ ಮುಚ್ಚಿಟ್ಟು ಹೋಗುತ್ತೇನೆ. ನಮ್ಮ ಸ್ಟೋನ್‌ವೇರ್ ಮಣ್ಣು ಸುಟ್ಟ ಮೇಲೆ ಸುಮಾರು 12% ಕುಗ್ಗುತ್ತದೆ. 12 ಸೆಂ.ಮೀ. ಎತ್ತರ ಎಳೆದ ಲೋಟ ಕೊನೆಗೆ ಹತ್ತೂವರೆಗೆ ಬಂದು ನಿಲ್ಲುತ್ತದೆ. ದೊಡ್ಡ ಲೋಟ ಕೇಳುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಒಣಗಿದೆಯಾ ಎಂದು ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಹಾಗೇ ಸುಟ್ಟರೆ ಆ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ. ಚೂರುಗಳು ಪಕ್ಕದವರ ಪಾತ್ರೆಯೊಳಗೆ ಬೀಳುತ್ತವೆ. ಮೊದಲ ಸಲ 1000 ಡಿಗ್ರಿಗೆ ಸುಡುತ್ತೇವೆ, ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಹಾಕಿದ ಮೇಲೆ 1220ಕ್ಕೆ.

ನಾನು ಎಡವಿದ್ದು ಗ್ಲೇಜಿನಲ್ಲಿ. ಎರಡು ಗ್ಲೇಜನ್ನು ಒಂದರ ಮೇಲೊಂದು ಹಾಕಿದ್ದೆ. ಬೇರೆ ಬೇರೆ ಇದ್ದಾಗ ಎರಡೂ ಸಾಧು. ಸೇರಿದ ಕಡೆ ಜೋನಿಬೆಲ್ಲದ ಹಾಗೆ ಹರಿದು, ಲೋಟ ಇಳಿದು, ಶೆಲ್ಫಿನ ಮೇಲೆ ಹಬ್ಬಿ, ಪಕ್ಕದ ತಟ್ಟೆಯನ್ನೂ ಕಚ್ಚಿಕೊಂಡಿತ್ತು. ತಟ್ಟೆಯ ಒಡತಿ ಬಗ್ಗಿ ನೋಡಿ, "ರೀ, ಈ ಹಸಿರು ನಿಮ್ದೇ ಅಲ್ವಾ?" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಇಡೀ ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಉಳಿ, ಸುತ್ತಿಗೆ ಹಿಡಿದು ಶೆಲ್ಫ್ ಕೆರೆದೆ.

ಈಗ ಗ್ಲೇಜಿನ ಹೊಸ ಜೋಡಿಯನ್ನು ಮೊದಲು ನೆಟ್ಟಗೆ ನಿಲ್ಲಿಸಿದ ಮಣ್ಣಿನ ಬಿಲ್ಲೆಯ ಮೇಲೆ ಸುಟ್ಟು ನೋಡುತ್ತೇನೆ. ಮಲಗಿಸಿದ ಬಿಲ್ಲೆಯಲ್ಲಿ ಗ್ಲೇಜ್ ಎಷ್ಟು ಹರಿಯುತ್ತದೆ ಎಂದು ಗೊತ್ತಾಗುವುದೇ ಇಲ್ಲ. ಗ್ಲೇಜ್ ಅಂಟದ ಹಾಗೆ ಲೋಟದ ಬುಡಕ್ಕೆ ಮೇಣ ಹಚ್ಚಿ ಅರ್ಧ ಸೆಂ.ಮೀ. ಬರಿದೇ ಬಿಡುತ್ತೇನೆ. ಅನುಮಾನ ಇದ್ದರೆ ಅದೇ ಮಣ್ಣಿನ ಒಂದು ಬಿಸ್ಕತ್ತು ತಟ್ಟಿ ಕೆಳಗಿಡುತ್ತೇನೆ, ಸೋರಿದರೂ ಅದರ ಮೇಲೇ ಸೋರಲಿ ಎಂದು.

ಗುಡಿಸುವ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳವೇ ಇಲ್ಲ. ಒಣ ಪೊರಕೆ ಕಂಡರೆ ನಾಲ್ವರೂ ಕೂಗುತ್ತೇವೆ. ಮಣ್ಣಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಒದ್ದೆ ಬಟ್ಟೆಯಲ್ಲೇ ಒರೆಸಬೇಕು.

ಕಳೆದ ಭಾನುವಾರ ಕಿಲ್ನ್ 90 ಡಿಗ್ರಿಗೆ ಇಳಿದ ಮೇಲೆ ತೆರೆದೆವು. ನನ್ನ ಲೋಟದ ಕೆಳಗಿನ ಬಿಸ್ಕತ್ತಿನ ಮೇಲೆ ಒಂದು ಹಸಿರು ಹನಿ ಕೂತಿತ್ತು. ಆ ತಟ್ಟೆಯವರೇ ಅದನ್ನು ಎತ್ತಿ ತಿರುಗಿಸಿ ನೋಡಿದರು. "ಇದು ನನಗಿರಲಿ" ಎಂದು ಚೀಲಕ್ಕೆ ಹಾಕಿಕೊಂಡರು.