ಅಳಿಲು ಬಿಡುವ ಮೊದಲು ಡ್ರಮ್ಮು ಮುಚ್ಚಿ

ನಾನು ಸಾಕಿದ ಮೊದಲ ಅಳಿಲು ನಮ್ಮ ಹಿತ್ತಲಿನ ನೀರಿನ ಡ್ರಮ್ಮಿನಲ್ಲಿ ಸತ್ತಿತು.

ಕಣ್ಣು ಬಿಡದ ಮರಿಯಿಂದ ಸಾಕಿದ್ದೆ. ಹಾಲು ಬಿಟ್ಟಿತ್ತು. ಶೇಂಗಾ ಸಿಪ್ಪೆ ಒಡೆದು ತಿನ್ನುತ್ತಿತ್ತು. ಪರದೆ ಹಿಡಿದು ಸರಸರ ಹತ್ತುತ್ತಿತ್ತು. ಇನ್ನು ದೊಡ್ಡದಾಯ್ತು ಅಂತ ಒಂದು ಬೆಳಿಗ್ಗೆ ಹಿತ್ತಲಿನ ಬೇವಿನ ಮರಕ್ಕೆ ಬಿಟ್ಟೆ. ಒಂದೇ ಉಸಿರಿಗೆ ಮೇಲೆ ಹೋಯಿತು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ನಾಲ್ಕನೇ ದಿನ ಬೆಳಿಗ್ಗೆ ತಂಬಿಗೆ ಹಿಡಿದು ಡ್ರಮ್ಮಿಗೆ ಬಗ್ಗಿದರೆ ಅದು ನೀರಿನ ಮೇಲಿತ್ತು.

ಗಂಗಾವತಿಯಲ್ಲಿ ನಮ್ಮ ಓಣಿಗೆ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಹಾಗಾಗಿ ಎಲ್ಲರ ಮನೆ ಹಿಂದೆಯೂ 200 ಲೀಟರಿನ ನೀಲಿ ಡ್ರಮ್ಮು ಇದ್ದೇ ಇರುತ್ತದೆ. ನಮ್ಮದು ಅವತ್ತು ಅರ್ಧ ಖಾಲಿಯಾಗಿತ್ತು. ಒಳಗಡೆ ತೆಳ್ಳಗೆ ಪಾಚಿ ಕಟ್ಟಿತ್ತು. ಆ ಪಾಚಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಗೀರು. ಎಲ್ಲವೂ ನೀರಿನಿಂದ ನಾಲ್ಕು ಬೆರಳು ಮೇಲೆ ಬಂದು ನಿಂತಿದ್ದವು. ಅಳಿಲು ರಾತ್ರಿ ತಿರುಗುವ ಪ್ರಾಣಿಯಲ್ಲ. ಹಿಂದಿನ ದಿನ ಮಧ್ಯಾಹ್ನವೇ ಬಿದ್ದಿರಬೇಕು. ಆಗ ನಾನು ಒಳಗೆ ಕೂಲರ್ ಹಾಕಿಕೊಂಡು ಮಲಗಿದ್ದೆ.

ಆಮೇಲೆ ಆರು ವರ್ಷದಲ್ಲಿ ಇನ್ನೂ ಏಳು ಮರಿ ಕೈಗೆ ಬಂದವು. ಎರಡು ಮೊದಲ ರಾತ್ರಿಯೇ ಹೋದವು. ಐದನ್ನು ಬಿಟ್ಟಿದ್ದೇನೆ. ನಮ್ಮ ಕಡೆ ಹಿರಿಯರು ಇವಕ್ಕೆ ಇಣಚಿ ಅಂತಾರೆ. ಮೂರು ಗೆರೆಯವು, ಐದು ಗೆರೆಯವು ಅಂತ ಬೇರೆ ಬೇರೆ ಜಾತಿ ಇವೆ. ನನಗೆ ಸಿಕ್ಕವೆಲ್ಲ ಮೂರು ಗೆರೆಯವು.

ಕೈಯಲ್ಲಿ ಬೆಳೆದ ಅಳಿಲಿಗೆ ನಮ್ಮ ಮನೆಯೇ ತವರು. ಮರಕ್ಕೆ ಹೋದ ಮೇಲೂ ಹಸಿವಾದರೆ, ಬಾಯಾರಿದರೆ, ಕಾಗೆ ಅಟ್ಟಿಸಿಕೊಂಡು ಬಂದರೆ ಮನೆಗೇ ಓಡಿ ಬರುತ್ತದೆ. ಒಂದೆರಡು ದಿನ ಅಲ್ಲ, ವಾರಗಟ್ಟಲೆ. ಹಾಗಾಗಿ ಅದಕ್ಕೆ ಮರಕ್ಕಿಂತ ಮನೆಯಲ್ಲೇ ಅಪಾಯ ಜಾಸ್ತಿ. ದೂರ ಆನೆಗೊಂದಿ ಗುಡ್ಡದ ಕಡೆ ಬಿಟ್ಟು ಬಂದರಾಯ್ತು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ನೀರೆಲ್ಲಿ, ಗೂಡೆಲ್ಲಿ ಅಂತ ಮರಿಗೆ ಗೊತ್ತಿರುವುದಿಲ್ಲ. ಅಲ್ಲಿರುವ ಅಳಿಲುಗಳು ಸುಮ್ನೆ ಬಿಟ್ಟುಕೊಳ್ಳುವುದೂ ಇಲ್ಲ, ಓಡಿಸುತ್ತವೆ. ಬೆಳೆದ ಜಾಗದಲ್ಲೇ ಬಿಡಬೇಕು. ಅದಕ್ಕೆ ಮೊದಲು ಆ ಜಾಗವನ್ನು ಸರಿ ಮಾಡಬೇಕು.

ಎರಡು ವರ್ಷದ ಹಿಂದಿನ ಜೋಡಿಯ ಕಥೆ ಹೇಳುತ್ತೇನೆ. ಅವತ್ತಿನಿಂದ ಇವತ್ತಿನವರೆಗೆ ಅದೇ ಕ್ರಮ ಇಟ್ಟುಕೊಂಡಿದ್ದೇನೆ.

ಏಪ್ರಿಲ್ ತಿಂಗಳು. ಸಂಜೆ ಗಾಳಿ ಮಳೆಗೆ ಎದುರು ಮನೆಯ ಹುಣಸೆ ಮರದ ಟೊಂಗೆ ಮುರಿದು ಗೂಡು ಕೆಳಗೆ ಬಿತ್ತು. ಎರಡು ಮರಿ. ಮೈಮೇಲೆ ಕೂದಲು ಆಗಷ್ಟೇ ಬರುತ್ತಿತ್ತು. ಕಣ್ಣು ಬಿಟ್ಟಿರಲಿಲ್ಲ. ಮೊದಲು ಮಾಡಿದ್ದು ತಾಯಿಗೆ ಕೊಡುವ ಪ್ರಯತ್ನ. ರಟ್ಟಿನ ಡಬ್ಬಿಯಲ್ಲಿ ಹಳೇ ಕಾಟನ್ ಬಟ್ಟೆ ಹಾಸಿ, ಅದರ ಕೆಳಗೆ ಬಿಸಿನೀರಿನ ಬಾಟಲಿ ಇಟ್ಟು, ಅದೇ ಮರಕ್ಕೆ ಕಟ್ಟಿದೆ. ತಾಯಿ ಬಂದರೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಾಳೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನುವುದು ಸುಳ್ಳು. ಕತ್ತಲಾಗುವವರೆಗೆ ಕಾದೆ. ಮರುದಿನ ಬೆಳಿಗ್ಗೆಯೂ ಕಾದೆ. ಬರಲಿಲ್ಲ. ಆಮೇಲೆಯೇ ಒಳಗೆ ತಂದದ್ದು. ಅಳಿಲು ಕಾಡುಪ್ರಾಣಿ, ಮುದ್ದಿಗೆ ಅಂತ ಸಾಕಿಕೊಳ್ಳುವಂತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಹೇಳಿದೆ.

ಹಾಲು ಕುಡಿಸುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೈ ತಣ್ಣಗಿರುವ ಮರಿಗೆ ಏನೂ ಕುಡಿಸಬಾರದು, ಮೊದಲು ಬೆಚ್ಚಗಾಗಬೇಕು. ಆಕಳ ಹಾಲು ಬೇಡ, ಭೇದಿ ಹತ್ತುತ್ತದೆ. ನಾಯಿಮರಿಗೆ ಕೊಡುವ ಹಾಲಿನ ಪುಡಿ ಕಲಸಿ, ಸೂಜಿ ತೆಗೆದ 1 ಎಂಎಲ್ ಸಿರಿಂಜಿನಲ್ಲಿ ಹನಿ ಹನಿಯಾಗಿ ಕೊಟ್ಟೆ. ಮರಿ ಬೋರಲಾಗಿಯೇ ಇರಬೇಕು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ ಉಚ್ಚೆ ಮಾಡಿಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಮರಿಗಳು ಕಣ್ಣು ಬಿಟ್ಟ ವಾರವೇ ನಾನು ಮನೆ ನೋಡಲು ಶುರು ಮಾಡಿದೆ. ನೆಲದ ಮೇಲೆ ಕೂತು ನೋಡಿದೆ. ಆಮೇಲೆ ಸ್ಟೂಲ್ ಹತ್ತಿ ನೋಡಿದೆ. ನಾವು ನಿಂತು ನೋಡುವ ಎತ್ತರದಲ್ಲಿ ಅಳಿಲಿನ ದಾರಿ ಕಾಣುವುದೇ ಇಲ್ಲ.

ಮೊದಲು ನೀರು. ಡ್ರಮ್ಮಿಗೆ ಮುಚ್ಚಳ ತಂದೆ. ಆದರೆ ಮುಚ್ಚಳ ಒಂದನ್ನೇ ನಂಬಬಾರದು, ನೀರು ತುಂಬುವ ದಿನ ಯಾರಾದರೂ ಮರೆತೇ ಮರೆಯುತ್ತಾರೆ. ಅದಕ್ಕೆ ಒಂದು ಗೋಣಿಚೀಲ ಸೀಳಿ, ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿ, ತುದಿ ತಳ ಮುಟ್ಟುವಂತೆ ಒಳಗೆ ಇಳಿಬಿಟ್ಟೆ. ಬಿದ್ದದ್ದು ಉಗುರು ಊರಿ ಹತ್ತಿ ಬರಬಹುದು. ಆ ಡ್ರಮ್ಮಿನ ನೀರು ಬಟ್ಟೆ ಪಾತ್ರೆಗೆ ಮಾತ್ರ. ಕುಡಿಯುವ ನೀರು ಒಳಗೆ ಕೊಡದಲ್ಲಿ. ಸಂಪಿನ ಮುಚ್ಚಳದ ಮೂಲೆ ಮುರಿದು ಮೂರು ಬೆರಳು ಹೋಗುವಷ್ಟು ಸಂದಿಯಾಗಿತ್ತು. ಅಳಿಲಿಗೆ ಅಷ್ಟು ಸಾಕು. ಸಿಮೆಂಟ್ ಹಾಕಿಸಿದೆವು. ಬಚ್ಚಲಿನ ಬಕೀಟು ರಾತ್ರಿ ಬೋರಲು, ಕಮೋಡಿನ ಮುಚ್ಚಳ ಯಾವಾಗಲೂ ಕೆಳಗೆ.

ಆಮೇಲೆ ಕೂಲರ್. ನಮ್ಮಲ್ಲಿ ಮಾರ್ಚ್‌ನಿಂದಲೇ ಕೂಲರ್ ಬೇಕು. ಅದರ ಪಕ್ಕದಲ್ಲಿ ಹುಲ್ಲು ಇರುತ್ತಲ್ಲ, ಅದೆಂದರೆ ಅಳಿಲಿಗೆ ಪ್ರಾಣ. ಗೂಡಿಗೆ ಅಂತ ಎಳೆ ಎಳೆಯಾಗಿ ಕಿತ್ತು ಬಾಯಲ್ಲಿ ತುರುಕಿಕೊಂಡು ಹೋಗುತ್ತದೆ. ಕೀಳುತ್ತಾ ಕೀಳುತ್ತಾ ಒಳಗೆ ನುಗ್ಗಿದರೆ ಮುಂದೆ ರೆಕ್ಕೆ, ಕೆಳಗೆ ನೀರು. ಹೊರಗಿನಿಂದ ಮೂರೂ ಕಡೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿದೆ. ಛಾವಣಿಯ ಫ್ಯಾನಿಗೆ ಮಾತ್ರ ಯಾವ ಉಪಾಯವೂ ಇಲ್ಲ. ಅಳಿಲು ಒಳಗಿದ್ದರೆ ಫ್ಯಾನ್ ಬಂದ್. ಬೇಸಿಗೆಯಲ್ಲಿ ಅದು ಮನೆಯವರೆಲ್ಲರಿಗೂ ಕಷ್ಟ, ಆದರೂ ಎಲ್ಲರೂ ನಡೆಸಿಕೊಟ್ಟರು.

ಅಳಿಲಿನ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಸಲು ಏನಾದರೂ ಕಡಿಯಲೇಬೇಕು. ಇನ್ವರ್ಟರ್ ವೈರು, ಫ್ರಿಜ್ಜಿನ ವೈರು ಎಲ್ಲ ಪೈಪಿನೊಳಗೆ ಹೋದವು. ಕಡಿಯಲು ಬೇವಿನ ಕಡ್ಡಿ, ಹುಣಸೆ ಟೊಂಗೆ ಇಟ್ಟೆ.

ನಾನು ಯೋಚಿಸಿಯೇ ಇರದ ಒಂದು ಅಪಾಯ ಗೊಬ್ಬರದ ಚೀಲ. ಹಿತ್ತಲಲ್ಲಿ ಹಳೇ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಸೀಳಿ ಎಳೆ ಎಳೆಯಾಗಿತ್ತು. ಒಂದು ದಿನ ಗಂಡು ಮರಿ ಹಿಂಗಾಲು ಎಳೆಯುತ್ತಾ ಬಂತು. ಹಿಡಿದು ನೋಡಿದರೆ ಪಾದದ ಮೇಲೆ ಬಿಳಿ ಎಳೆ ನಾಲ್ಕು ಸುತ್ತು ಸುತ್ತಿ ಚರ್ಮದೊಳಗೆ ಇಳಿದಿತ್ತು. ಬೆರಳು ಊದಿ ದ್ರಾಕ್ಷಿ ಬಣ್ಣಕ್ಕೆ ತಿರುಗಿದ್ದವು. ಮಗಳು ಟವೆಲಿನಲ್ಲಿ ಸುತ್ತಿ ಹಿಡಿದಳು. ನಾನು ಉಗುರು ಕತ್ತರಿಯ ತುದಿಯಿಂದ ಒಂದೊಂದೇ ಸುತ್ತು ಕತ್ತರಿಸಿದೆ. ಕಾಲು ಉಳಿಯಿತು. ಅದರ ಎರಡು ಉಗುರು ಮಾತ್ರ ಬಿದ್ದು ಹೋದವು. ಅವತ್ತೇ ಹಿತ್ತಲಿನ ಚೀಲ, ನೈಲಾನ್ ದಾರ, ಗಾಳಿಪಟದ ದಾರ ಎಲ್ಲ ಆರಿಸಿ ತೆಗೆದೆ. ಗೂಡಿಗೆ ಹಾಸುವ ಬಟ್ಟೆಯಲ್ಲೂ ಎಳೆ ಬಿಟ್ಟಿರಬಾರದು.

ಇಲಿ ಪಾಷಾಣದ ವಿಷಯ ನಮ್ಮ ಗೋಡೆಯೊಳಗೆ ಮುಗಿಯುವುದಿಲ್ಲ. ಗಂಗಾವತಿ ಅಂದರೆ ಭತ್ತ, ಭತ್ತ ಅಂದರೆ ಇಲಿ. ಇಲಿ ತಿನ್ನುವ ಕೇಕನ್ನು ಅಳಿಲೂ ತಿನ್ನುತ್ತದೆ. ಕೇಕಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ದಿನ ಏನೂ ಗೊತ್ತಾಗುವುದಿಲ್ಲ, ಕೆಲವು ದಿನದ ಮೇಲೆ ಒಳಗೇ ರಕ್ತ ಸೋರಿ ಸಾಯುತ್ತದೆ. ಅಂಟಿನ ಹಾಳೆ ಇನ್ನೂ ಕ್ರೂರ. ಹಾಗಾಗಿ ಅಕ್ಕಪಕ್ಕದ ಆರು ಮನೆಗೂ ಹೋದೆ. ಇಲಿಗೆ ಬೋನು ಇಡಿ, ಬೋನು ನಾನೇ ಕೊಡುತ್ತೇನೆ ಅಂದೆ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ಅಳುಕುತ್ತಲೇ ಕೇಳಿದೆ.

“ಅಜ್ಜಿ, ನಿಮ್ಮ ಅಟ್ಟದ ಮ್ಯಾಲ ಇಲಿ ಕೇಕ್ ಇಟ್ಟೀರೇನ್ರಿ?”

“ಇಟ್ಟೀನವ್ವ. ಯಾಕ?”

“ನನ್ನ ಇಣಚಿ ಮರಿ ಇನ್ನೊಂದು ತಿಂಗಳಿಗೆ ಹೊರಗ ಬಿಡ್ತೀನ್ರಿ. ಅವಕ್ಕ ನಿಮ್ಮ ಮನಿ, ನನ್ನ ಮನಿ ಗೊತ್ತಾಗಂಗಿಲ್ಲ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ರಾಮ ಸವರಿದ ಬೆನ್ನದು. ಅದು ಸತ್ರ ನನಗ ಛಲೋ ಅಲ್ಲ,” ಅಂದು ಮೊಮ್ಮಗನನ್ನು ಕರೆದು ಕೇಕ್ ತೆಗೆಸಿದರು. ಕಿಷ್ಕಿಂಧೆ ಸೀಮೆಯಲ್ಲಿ ಇದ್ದೇವಲ್ಲ, ಇಲ್ಲಿ ಅಳಿಲಿನ ಮೂರು ಗೆರೆಯ ಕಥೆ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಒಂದು ಮನೆಯವರು ಮಾತ್ರ ಒಪ್ಪಲಿಲ್ಲ. ಅವರ ಕಡೆಯ ಗೋಡೆಯ ಮೇಲಿನ ಬಳ್ಳಿ ಕತ್ತರಿಸಿ, ಆ ದಾರಿ ಇಲ್ಲದಂತೆ ಮಾಡಿದೆ. ಎಲ್ಲರಿಗೂ ಇನ್ನೊಂದು ಮಾತು ಹೇಳಿದ್ದೆ. ಇವು ಮನುಷ್ಯರಿಗೆ ಹೆದರುವುದಿಲ್ಲ, ಓಡಿ ಬಂದು ಕಾಲು ಹತ್ತಬಹುದು, ಬಡಿಯಬೇಡಿ, ಸುಮ್ನೆ ನಿಂತುಬಿಡಿ ಅಂತ.

ಆ ಸಲಿಗೆಯನ್ನು ಬಿಡಿಸುವುದೂ ನನ್ನದೇ ಕೆಲಸವಾಗಿತ್ತು. ಏಳನೇ ವಾರದಿಂದ ಕೈಯಲ್ಲಿ ಎತ್ತಿಕೊಳ್ಳುವುದು ನಿಲ್ಲಿಸಿದೆ. ಹೆಗಲ ಮೇಲೆ ಹಾರಿದರೆ ಇಳಿಸಿ ಎದ್ದು ಹೋಗುತ್ತಿದ್ದೆ. ನನಗೆ ಇದಕ್ಕಿಂತ ಕಷ್ಟದ್ದು ಬೇರೆ ಇರಲಿಲ್ಲ. ಮಗಳಂತೂ ಅತ್ತಳು.

ಒಂಬತ್ತನೇ ವಾರಕ್ಕೆ ಪಂಜರ ಹಿತ್ತಲಿಗೆ ಬಂತು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಐದಡಿ ಎತ್ತರ, ಅರ್ಧ ಇಂಚಿನ ಜಾಲರಿ. ಅದಕ್ಕಿಂತ ದೊಡ್ಡ ಕಣ್ಣಾದರೆ ಬೆಕ್ಕು ಪಂಜ ಹಾಕುತ್ತದೆ, ಹಾವು ಒಳಗೆ ಬರುತ್ತದೆ. ಬೇವಿನ ನೆರಳಿನಲ್ಲಿ ಇಟ್ಟು, ಇರುವೆ ಹತ್ತಬಾರದು ಅಂತ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆ. ಒಳಗೆ ಸಣ್ಣ ಗಡಿಗೆಯನ್ನು ಅಡ್ಡ ಕಟ್ಟಿ ಗೂಡು ಮಾಡಿದೆ. ಬೇವಿನ ಹಣ್ಣು, ಪೇರಲ, ನೆನೆಸಿದ ಕಡಲೆ, ಹಸಿ ಜೋಳದ ತೆನೆ ಹಾಕುತ್ತಿದ್ದೆ. ಶೇಂಗಾ ದಿನಕ್ಕೆ ಒಂದೆರಡು ಮಾತ್ರ. ಬರೀ ಶೇಂಗಾ ತಿಂದ ಮರಿಯ ಮೂಳೆ ಗಟ್ಟಿಯಾಗುವುದಿಲ್ಲ.

ಎರಡು ವಾರಕ್ಕಿಂತ ಜಾಸ್ತಿಯೇ ಅಲ್ಲಿದ್ದವು. ಅಲ್ಲೇ ಅವು ಕಲಿತದ್ದು, ನಾನು ಕಲಿಸಲಾಗದ್ದು. ಮರದ ಮೇಲಿನ ಅಳಿಲು ಹದ್ದು ಕಂಡಾಗ ಚಿಕ್ ಚಿಕ್ ಅಂತ ಕೂಗುತ್ತಿತ್ತು. ಮೊದಲ ದಿನಗಳಲ್ಲಿ ನನ್ನವು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಹತ್ತನೇ ದಿನ ಅದೇ ಕೂಗಿಗೆ ಎರಡೂ ಪಂಜರದ ಕಡ್ಡಿಗೆ ಹೊಟ್ಟೆ ಒತ್ತಿ, ಬಾಲವನ್ನೂ ಅಲ್ಲಾಡಿಸದೆ ನಿಂತವು. ಅವತ್ತು ನನಗೆ ಧೈರ್ಯ ಬಂತು.

ಆದರೂ ಬಿಸಿಲು ಇಳಿಯಲಿ ಅಂತ ಕಾದೆ. ಜೂನ್‌ನಲ್ಲಿ ಮಳೆ ಬಿದ್ದು ನೆಲ ತಂಪಾದ ಮೇಲೆ, ಮೋಡವಿಲ್ಲದ ಒಂದು ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತೆಗೆದೆ. ಬೆಳಿಗ್ಗೆಯೇ ಬಿಡಬೇಕು, ಕತ್ತಲಾಗುವುದರೊಳಗೆ ಜಾಗ ನೋಡಿಕೊಳ್ಳಲು ಇಡೀ ದಿನ ಸಿಗುತ್ತದೆ. ನಾನು ಹಿಡಿದು ಮರದ ಮೇಲೆ ಬಿಡಲಿಲ್ಲ. ಬಾಗಿಲು ತೆಗೆದಿಟ್ಟು ಅಡುಗೆಮನೆಗೆ ಬಂದು ಕಿಟಕಿಯಿಂದ ನೋಡಿದೆ. ಹೆಣ್ಣು ಐದು ನಿಮಿಷದಲ್ಲಿ ಹೊರಗೆ. ಗಂಡು ಬಾಗಿಲಿಗೆ ಬಂದು ಮೂತಿ ಹಾಕಿ ಒಳಗೆ ಓಡಿತು. ಹಾಗೆ ಹನ್ನೊಂದು ಗಂಟೆವರೆಗೂ ಮಾಡಿತು. ಸಂಜೆ ಎರಡೂ ಗಡಿಗೆಗೆ ವಾಪಸ್ಸು ಬಂದವು. ಬಾಗಿಲು ಹಾಕಿದೆ. ಬೆಳಿಗ್ಗೆ ಮತ್ತೆ ತೆಗೆದೆ.

ಹೆಣ್ಣು ಆರನೇ ದಿನ ರಾತ್ರಿ ಬರಲಿಲ್ಲ. ಟಾರ್ಚ್ ಹಿಡಿದು ಡ್ರಮ್ಮು, ಸಂಪು, ಕೂಲರ್ ಎಲ್ಲ ನೋಡಿದೆ. ಎಲ್ಲೂ ಇರಲಿಲ್ಲ. ಮರುದಿನ ಬೇವಿನ ಮೇಲಿನ ಕವಲಿನಲ್ಲಿ ಬಾಯಿತುಂಬ ನಾರು ಹಿಡಿದು ಕೂತಿದ್ದು ಕಂಡಿತು. ಗಂಡು ಐದು ವಾರ ಬಂದು ಹೋಗುತ್ತಿತ್ತು. ಪಂಜರದೊಳಗೆ ಊಟ ಕಮ್ಮಿ ಮಾಡುತ್ತಾ ಬಂದೆ. ಮಣ್ಣಿನ ತಟ್ಟೆಯಲ್ಲಿ ಕಲ್ಲಿಟ್ಟು ನೀರು ಮಾತ್ರ ದಿನಾ ತುಂಬಿದೆ. ಆಮೇಲೆ ಅದೂ ಒಳಗೆ ಬರುವುದು ನಿಲ್ಲಿಸಿತು. ಉಗುರಿಲ್ಲದ ಕಾಲು ನೋಡಿ ಒಂದು ವರ್ಷದವರೆಗೂ ಅದನ್ನು ಗುರುತು ಹಿಡಿಯುತ್ತಿದ್ದೆ.

ಒಂದು ಸಲ ಮುಚ್ಚಳ ಮರೆತ ದಿನ ಡ್ರಮ್ಮಿನಲ್ಲಿ ಚಪಚಪ ಸಪ್ಪಳ ಕೇಳಿ ಓಡಿದೆ. ನಾನು ಹೋಗುವಷ್ಟರಲ್ಲಿ ಒಂದು ಅಳಿಲು ಗೋಣಿ ಹಿಡಿದು ಅಂಚಿಗೆ ಬಂದು ಮೈ ಕೊಡವುತ್ತಿತ್ತು. ನನ್ನನ್ನು ನೋಡಿದ್ದೇ ಮರಕ್ಕೆ ಓಡಿತು. ಅದು ನಾನು ಸಾಕಿದ್ದೋ, ಮರದ್ದೋ ಗೊತ್ತಾಗಲಿಲ್ಲ. ಗೋಣಿ ನೀರಿಗೆ ಬೇಗ ಕೊಳೆಯುತ್ತದೆ. ಎರಡು ತಿಂಗಳಿಗೊಮ್ಮೆ ಹೊಸದು ಕಟ್ಟುತ್ತೇನೆ.